ಅತ್ತಿಗೆ ಕೇಳಿದ ಗೂಡಿನ ರೇಟು

ನನ್ನ ಕಾಮಾಲೆಯ ಸುದ್ದಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಆಗಲೇ ಹತ್ತಾರು ಸಲ ಹರಾಜಾಗಿದೆ. ಹಾಗಾಗಿ ಯಾವಾಗ ಶುರುವಾಯಿತು, ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ರಕ್ತದಲ್ಲಿ ಎಷ್ಟಕ್ಕೆ ಏರಿತು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಕಳೆದ ವಾರದ ರಕ್ತಪರೀಕ್ಷೆ ಚೆನ್ನಾಗಿ ಬಂದಿದೆ. ಗೂಡು ಬೇಯಿಸಿ ನೂಲು ತೆಗೆಯುವ ನಮ್ಮ ಫಿಲೇಚರಿನ ಬಾಯ್ಲರ್ ಮತ್ತೆ ಹೊತ್ತಿದೆ.

ಎಳನೀರು ಹೊತ್ತು ಬಂದ ಗೆಳೆಯರು, ಕಂತು ಕೇಳದೆ ಸುಮ್ಮನಿದ್ದವರು, ಎರಡೂ ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳು, ನಾನಿಲ್ಲದಾಗ ಕೆಲಸ ನಿಲ್ಲದಂತೆ ನೋಡಿಕೊಂಡ ಅಣ್ಣ, ಎಲ್ಲರಿಗೂ ಕೈಮುಗಿಯುತ್ತೇನೆ. ನೆಲನೆಲ್ಲಿ ರಸ ತಂದುಕೊಟ್ಟವರ ಪ್ರೀತಿ ದೊಡ್ಡದು. ರಸ ಮಾತ್ರ ಕುಡಿಯಲಿಲ್ಲ, ಮನ್ನಿಸಿ.

ಉಳಿದದ್ದು ಅತ್ತಿಗೆಯ ಬಗ್ಗೆ.

ಆ ಸಂಜೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು ಇಷ್ಟು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದು ಲಿವರ್. ಹೆಪ್ಪುಗಟ್ಟುವ ಹೊತ್ತು ಹೆಚ್ಚುತ್ತಾ ಹೋಗುತ್ತಿದೆ ಎಂದರೆ ಲಿವರ್ ಕೈಚೆಲ್ಲುತ್ತಿದೆ ಎಂದರ್ಥ. ಇದರ ಮೇಲೆ ಬುದ್ಧಿ ಮಂಕಾದರೆ ತಕ್ಷಣ ಬೆಂಗಳೂರಿಗೆ ಸಾಗಿಸಬೇಕು. ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ, ಎರಡೂ ಕೈ ಚಾಚಿಸಿ ನೋಡಿ, ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡರೆ ಕೂಗಿ ಕರೆಯಿರಿ.

ಹೆಸರು, ಊರು, ತಾರೀಖು ಕೇಳುವುದು ವಾಡಿಕೆ. ಅತ್ತಿಗೆಗೆ ಅದು ಸಾಲಲಿಲ್ಲ. "ಹೆಸರನ್ನು ಇವನು ನಿದ್ದೆಯಲ್ಲೂ ಹೇಳುತ್ತಾನೆ" ಎಂದು ನರ್ಸ್‌ಗೆ ಹೇಳಿ, ನನ್ನತ್ತ ಬಾಗಿ, "ದ್ವಿತಳಿ ಗೂಡು ಕೆ.ಜಿ.ಗೆ ಎಷ್ಟಪ್ಪಾ?" ಎಂದರು. ಹೇಳಿದೆ. "ಮಿಶ್ರತಳಿ?" ಅದನ್ನೂ ಹೇಳಿದೆ. ಹತ್ತು, ಹನ್ನೊಂದು, ಹನ್ನೆರಡು ಗಂಟೆಗೆ ಇದೇ ಹರಾಜು. ಆ ದಿನಗಳಲ್ಲಿ ಒಗ್ಗರಣೆಯ ವಾಸನೆ ಬಂದರೂ ನನಗೆ ಹೊಟ್ಟೆ ತೊಳಸುತ್ತಿತ್ತು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಎಳೆ ಹುಡುಕಿ ಬಿಳಿಚಿ ಬಿರಿದ ಅವರ ಬೆರಳುಗಳಿಂದ ಬೆಂದ ಗೂಡಿನ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಅದೊಂದು ವಾಸನೆಯನ್ನು ಮಾತ್ರ ಹೊಟ್ಟೆ ತಾಳಿಕೊಂಡಿತು.

ಎರಡು ಗಂಟೆಗೆ ದ್ವಿತಳಿಗೆ ಬರೀ ನಲವತ್ತು ರೂಪಾಯಿ ಎಂದೆನಂತೆ. ಅತ್ತಿಗೆ ನನ್ನ ಕೈ ಚಾಚಿಸಿ ನೋಡಿದರು, ಬರಿಗಾಲಿನಲ್ಲೇ ವರಾಂಡಕ್ಕೆ ಓಡಿದರು. ಅದಾದ ಮೇಲಿನದ್ದೆಲ್ಲ ಬೇರೆಯವರಿಂದ ಕೇಳಿದ್ದು. ಆಂಬುಲೆನ್ಸ್ ಹತ್ತಿಸುವಾಗ ಅವರ ಕೈಯನ್ನು ಕೊಸರಿ, ಆಡಬಾರದ ಮಾತು ಆಡಿದೆನಂತೆ. ಏನು ಆಡಿದೆ ಎಂದು ಯಾರೂ ಹೇಳುವುದಿಲ್ಲ. ದೇವನಹಳ್ಳಿ ದಾಟುವಾಗ ಅವರು ಮತ್ತೊಮ್ಮೆ ರೇಟು ಕೇಳಿದರಂತೆ. ನನ್ನಿಂದ ಉತ್ತರ ಬರಲಿಲ್ಲವಂತೆ. ಆದರೂ ಬೆಂಗಳೂರು ಮುಟ್ಟುವವರೆಗೆ ಕೇಳುತ್ತಲೇ ಇದ್ದರಂತೆ.

ಬೆಂಗಳೂರಿನಲ್ಲಿ ಲಿವರ್ ಕಸಿಯ ಮಾತೂ ಎದ್ದಿತ್ತು, ಅಣ್ಣನ ರಕ್ತದ ಗುಂಪನ್ನು ಬರೆದುಕೊಂಡಿದ್ದರು. ಮೂರನೆಯ ದಿನ ಲಿವರ್ ತಾನಾಗಿಯೇ ಚೇತರಿಸಿಕೊಂಡಿತು. ಅದಕ್ಕೆ ಮತ್ತೆ ಬೆಳೆಯುವ ಗುಣವಿದೆ, ನನ್ನ ಪುಣ್ಯ.

ಎದ್ದು ಕೂರುವಂತಾದ ಮೇಲೆ, ಇಷ್ಟು ಕ್ರೂರವಾದ ವೈರಸ್ಸೇ ಎಂದು ಅಲ್ಲಿನ ವೈದ್ಯರನ್ನು ಕೇಳಿದೆ. ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ ಎಂದು ನಕ್ಕರು. ನನಗೆ ಬಂದದ್ದು ಹೆಪಟೈಟಿಸ್ ಎ, ಕೊಳಕು ನೀರು, ಆಹಾರದಿಂದ ಬರುವಂಥದ್ದು. ಅದು ಲಿವರಿನ ಜೀವಕೋಶದೊಳಗೆ ಸದ್ದಿಲ್ಲದೆ ಮರಿ ಹಾಕುತ್ತದೆ, ತಾನಾಗಿ ಕೋಶವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮದೇ ರೋಗನಿರೋಧಕ ಪಡೆ, ಮುಖ್ಯವಾಗಿ ಟಿ ಕೋಶಗಳು. ಗೂಡಿನೊಳಗಿನ ಹುಳುವನ್ನು ಹೊರಗಿನಿಂದ ಹಿಡಿಯಲು ಆಗುತ್ತದೆಯೇ? ಗೂಡನ್ನೇ ಬೇಯಿಸಬೇಕು. ಅವೂ ಮಾಡುವುದು ಅದನ್ನೇ. ಹೆಚ್ಚಿನವರಲ್ಲಿ ಅದು ಅಳತೆಯಲ್ಲಿ ಮುಗಿಯುತ್ತದೆ, ನನ್ನಲ್ಲಿ ಬೆಂಕಿ ಹೆಚ್ಚಾಯಿತು. ಸೋಂಕು ತಗುಲಿ ಸರಾಸರಿ 28 ದಿನಗಳಾದ ಮೇಲೆ ರೋಗ ಕಾಣಿಸಿಕೊಳ್ಳುತ್ತದಂತೆ, ಹಾಗಾಗಿ ಯಾವ ಊರಿನ ಯಾವ ಲೋಟ ಎಂದು ಹುಡುಕಿ ಫಲವಿಲ್ಲ. ಪುಟ್ಟ ಮಕ್ಕಳಲ್ಲಿ ಬಹುಪಾಲು ಕಣ್ಣು ಹಳದಿಯಾಗದೆಯೇ ಬಂದುಹೋಗುತ್ತದೆ, ದೊಡ್ಡವರಿಗೇ ಪೆಟ್ಟು. ಒಮ್ಮೆ ಗೆದ್ದವರಿಗೆ ಜೀವನಪೂರ್ತಿ ರಕ್ಷಣೆ.

ಪಕ್ಕದ ಹಾಸಿಗೆಯಲ್ಲಿದ್ದವರದು ಇದಕ್ಕೆ ತಿರುವುಮುರುವು. ಅವರದು ಹೆಪಟೈಟಿಸ್ ಬಿ, ಹುಟ್ಟುವಾಗಲೇ ತಾಯಿಯಿಂದ ಬಂದದ್ದು. ಶೈಶವದಲ್ಲಿ ತಗುಲಿದರೆ ಶರೀರ ಅದನ್ನು ಶತ್ರುವೆಂದು ಸರಿಯಾಗಿ ಗುರುತಿಸುವುದಿಲ್ಲ, ಸುಮಾರು ನೂರಕ್ಕೆ 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ದೊಡ್ಡವರಲ್ಲಿ ಹಾಗೆ ಉಳಿಯುವುದು ನೂರಕ್ಕೆ 5ಕ್ಕಿಂತ ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕುವುದು ಇದಕ್ಕೇ. ನನ್ನ ಪಡೆ ಅತಿಯಾಗಿ ಕಾದಾಡಿತು, ಅವರದು ನಲವತ್ತು ವರ್ಷ ಸುಮ್ಮನಿತ್ತು. ಇಬ್ಬರೂ ಒಂದೇ ಕಿಟಕಿ ನೋಡುತ್ತಾ ಮಲಗಿದ್ದೆವು.

ಜ್ವರ ಬಂದಾಗ ಯಾರನ್ನೂ ಕೇಳದೆ ಐದು ದಿನ ಮಾತ್ರೆ ನುಂಗಿದ್ದು ನನ್ನದೇ ತಪ್ಪು, ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅತ್ತಿಗೆಯ ಹತ್ತಿರ ಕ್ಷಮೆ ಕೇಳಲು ಹೋದಾಗ, "ಯಾವ ಮಾತು? ನನಗೇನೂ ಕೇಳಿಸಲಿಲ್ಲ" ಎಂದು ನೂಲು ತೆಗೆಯುವ ಬೇಸಿನ್ನಿನ ಕಡೆಗೆ ತಿರುಗಿಬಿಟ್ಟರು.

ಮೊನ್ನೆ ಮೊದಲ ಸಲ ಹರಾಜಿಗೆ ಹೋಗಿ ಬಂದೆ. ಬಾಗಿಲಲ್ಲೇ ನಿಂತು ರೇಟು ಕೇಳಿದರು. ಹೇಳಿದೆ. "ಕೈ ಚಾಚು" ಎಂದರು. ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದೆ.