ಖೀಮಾ ಚಟಪಟ ಅನ್ನುವವರೆಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಬಟ್ಟಲಲ್ಲಿ ಅನ್ನ, ಮೇಲೆ ಬೂದಿ ಬಣ್ಣದ ಖೀಮಾ, ಅಂಚಿನಲ್ಲಿ ತೆಳ್ಳಗೆ ಕಂದು ನೀರು. ‘ಅಪ್ಪಾ, ಸೋಯಾ ಸಾಸ್ ಹಾಕಿದ್ರೂ ರುಚಿನೇ ಇಲ್ಲ’ ಅಂತ ಬೇರೆ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಹ್ಞೂಂ ಹ್ಞೂಂ’ ಅಂತೀಯ. ಅದಕ್ಕೇ ಕಾಗದ.

ತಪ್ಪು ಸಾಸಿನದಲ್ಲ. ಅರ್ಧ ಕೆಜಿ ಖೀಮಾವನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಸಣ್ಣ ಬಾಣಲೆಗೆ ಸುರಿದಿದ್ದೀಯ, ಅಲ್ವಾ? ಮಾಂಸದಲ್ಲಿ ನೀರು ಜಾಸ್ತಿ. ಆ ನೀರು ಇರುವಷ್ಟು ಹೊತ್ತೂ ಬಿಸಿ 100 ಡಿಗ್ರಿಯ ಹತ್ತಿರವೇ ನಿಂತಿರುತ್ತದೆ. ಖೀಮಾ ಕಂದಾಗಿ ಘಮ್ಮೆನ್ನಬೇಕಾದರೆ ಸುಮಾರು 140 ಡಿಗ್ರಿ ಬೇಕು. ನೀನು ಹುರಿದಿಲ್ಲ ಪುಟ್ಟಿ, ಬೇಯಿಸಿದ್ದೀಯ.

ಅಗಲ ಬಾಣಲೆ ಇಡು. ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಹಾಕಿ ಖೀಮಾ ತೆಳ್ಳಗೆ ಹರಡು, ಆಮೇಲೆ ಸುಮ್ನೆ ನಿಲ್ಲು. ಸೌಟು ಆಡಿಸಬೇಡ, ಸದ್ದು ಕೇಳು. ಮೊದಲು ಚೊಯ್ ಅನ್ನುತ್ತದೆ. ನೀರು ಬಿಟ್ಟುಕೊಂಡಾಗ ಗುಳುಗುಳು. ನೀರು ಇಂಗಿದ ಮೇಲೆ ಚಟಪಟ ಶುರುವಾಗುತ್ತದೆ. ಎಲ್ಲರೂ ಅವಸರ ಮಾಡಿ ಗುಳುಗುಳುವಿನಲ್ಲೇ ಸಾಸ್ ಸುರಿಯುತ್ತಾರೆ. ನೀನು ಚಟಪಟ ಕೇಳಿಸಿದ ಮೇಲೂ ಒಂದೆರಡು ನಿಮಿಷ ಬಿಡು. ತಳ ಕಂದಾದಾಗ ಮಗುಚಿ, ಮರದ ಸೌಟಿನಿಂದ ಪುಡಿ ಮಾಡು. ಜಜ್ಜಿದ ಶುಂಠಿ, ಬೆಳ್ಳುಳ್ಳಿ ಆಗ ಹಾಕು. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತವೆ.

ಇನ್ನು ಸಾಸ್. ಮೂರು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ, ಮೂರು ಚಮಚ ನೀರು, ಚಿಟಿಕೆ ಮೆಣಸಿನ ಪುಡಿ. ಅದರಲ್ಲೇ ಅರ್ಧ ಟೀ ಚಮಚ ಕಾರ್ನ್‌ಫ್ಲೋರ್ ಕದಡಿದರೆ ಸಾಸ್ ತಳಕ್ಕೆ ಇಳಿಯದೆ ಖೀಮಾಕ್ಕೆ ಅಂಟಿಕೊಳ್ಳುತ್ತದೆ. ಹುರಿದ ಎಳ್ಳಿನ ಎಣ್ಣೆ ನಾಲ್ಕು ಹನಿ, ಅದೂ ಒಲೆ ಆರಿಸಿದ ಮೇಲೆ. ಅದರ ಘಮ ಬಿಸಿಗೆ ಹಾರಿಹೋಗುತ್ತದೆ.

ಉಪ್ಪು ಬೇಡ. ಇದನ್ನು ನಾನು ಪಾಡುಪಟ್ಟು ಕಲಿತಿದ್ದು. ಮೊದಲ ಸಲ ಮಾಡಿದಾಗ ಅಭ್ಯಾಸಬಲದಿಂದ ಉಪ್ಪೂ ಹಾಕಿದೆ, ಸೋಯಾ ಸಾಸೂ ಹಾಕಿದೆ. ನಿಮ್ಮಮ್ಮ ಒಂದು ತುತ್ತು ತಿಂದು, ಏನೂ ಅನ್ನದೆ ಎದ್ದು ಹೋಗಿ ಇನ್ನಷ್ಟು ಅನ್ನ ತಂದಳು. ಅವತ್ತು ಒಂದು ಬಟ್ಟಲು ಖೀಮಾ ಮೂರು ಹೊತ್ತಿಗೆ ಬಂತು.

ಆದರೆ ನಾನು ಹೇಳಿದ್ದೇ ವೇದವಲ್ಲ. ಜಪಾನಿನವರೂ ಅನ್ನದ ಮೇಲೆ ಖೀಮಾ ಹಾಕಿ ತಿನ್ನುತ್ತಾರೆ, ಅದರ ಹೆಸರು ಸೊಬೊರೊ ದೊನ್. ಅದು ಇದಕ್ಕೆ ಪೂರ್ತಿ ಉಲ್ಟಾ. ಕೋಳಿ ಖೀಮಾವನ್ನು ಸೋಯಾ, ಸಕ್ಕರೆ, ಮಿರಿನ್ ಅನ್ನುವ ಸಿಹಿ ಅಕ್ಕಿ ಮದ್ಯದ ಜೊತೆಗೇ ಬಾಣಲೆಗೆ ಹಾಕಿ, ನಾಲ್ಕೈದು ಚಾಪ್‌ಸ್ಟಿಕ್ ಒಟ್ಟಿಗೆ ಹಿಡಿದು ಬಿಡದೆ ಕಲಕುತ್ತಾರೆ. ಅವರಿಗೆ ಬೇಕಾದದ್ದು ಮೆತ್ತನೆಯ ಸಣ್ಣ ಕಾಳು. ಪಕ್ಕದಲ್ಲಿ ಪುಡಿಪುಡಿ ಮೊಟ್ಟೆ, ಒಂದಿಷ್ಟು ಹಸಿರು ತರಕಾರಿ ಇಟ್ಟರೆ ಮೂರು ಬಣ್ಣ. ಥಾಯ್ಲೆಂಡಿನವರದು ಜೋರು ಉರಿ, ಮೀನಿನ ಸಾಸ್, ಕೊನೆಗೆ ಒಂದು ಹಿಡಿ ಕ್ರಪಾವ್ ಎಲೆ. ಅದು ಬೇರೇನೂ ಅಲ್ಲ, ತುಳಸಿಯದೇ ಜಾತಿ. ಮೇಲೆ ಅಂಚು ಗರಿಗರಿಯಾದ ಮೊಟ್ಟೆ. ನನ್ನ ಓಟು ಇದಕ್ಕೇ.

ಎರಡು ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ಖೀಮಾ ಒಳಗೆ ಹಸಿ ಉಳಿಯಬಾರದು. ಇಡೀ ತುಂಡಾದರೆ ಕೆಟ್ಟ ಸೂಕ್ಷ್ಮಜೀವಿಗಳು ಹೆಚ್ಚಾಗಿ ಹೊರಗಡೆಯೇ ಇರುತ್ತವೆ, ಕೊಚ್ಚಿದಾಗ ಎಲ್ಲ ಕಡೆ ಬೆರೆತುಬಿಡುತ್ತವೆ. ಥರ್ಮಾಮೀಟರ್ ಇದ್ದರೆ ಕುರಿ, ಹಂದಿ ಮಾಂಸಕ್ಕೆ 71 ಡಿಗ್ರಿ, ಕೋಳಿಗೆ 74. ಇನ್ನೊಂದು, ಮಿಕ್ಕ ಅನ್ನ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು. ಬೆಂದ ಅನ್ನದಲ್ಲೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾ ಇದೆ. ಅದು ಬೆಳೆದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸೌತೆಕಾಯಿ ಹೆಚ್ಚಿ ಸ್ವಲ್ಪ ವಿನೆಗರ್ ಹಾಕಿ ಪಕ್ಕಕ್ಕಿಡು, ಜಿಡ್ಡು ಮುರಿಯುತ್ತದೆ. ಮಾಡಿ ಫೋಟೊ ಕಳಿಸು. ಬಟ್ಟಲಿನ ಅಂಚಿನಲ್ಲಿ ಮತ್ತೆ ನೀರು ಕಂಡರೆ ಇನ್ನೊಂದು ಕಾಗದ ಬರುತ್ತದೆ, ನೋಡ್ಕೋ.

ನಿನ್ನ
ಅಪ್ಪ