ಬ್ಲೂಸ್ ಸಂಜೆಗೆ ನಿಲ್ಲೋ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲ್‌ನಲ್ಲಿ ಪಳಗಿದ ನೀನು ಈಗ ಬ್ಲೂಸ್ ಗಿಟಾರ್ ಸಂಜೆಗೆ ಸ್ವಯಂಸೇವಕ ಅಂತ ಕೇಳಿ ಖುಷಿಯಾಯ್ತು. ಇಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ನಾನು ಮಾಡೋದೂ ಅದೇ ಕೆಲಸ. ಕರೆಂಟು, ಬಾಗಿಲು, ಕಿವಿ ಇವನ್ನೆಲ್ಲ ಹೇಗೆ ನೋಡಿಕೊಳ್ಳೋದು ಅಂತ ನೀನು ಕೇಳಿದ್ದನ್ನ ವಿವರವಾಗೇ ಬರೀತೀನಿ. ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದೀನಿ. ಮೂರನೇ ಸಾಲಿನ ಛತ್ರಿ ವಿಷಯ ಎತ್ತಲ್ಲ, ಭಯ ಬೇಡ.

ಮೊದಲು ಕರೆಂಟು. ಕಲಾವಿದರು ಅಮೆರಿಕದಿಂದ ತಮ್ಮದೇ ಆಂಪ್ (ಗಿಟಾರಿನ ಸದ್ದು ಜೋರು ಮಾಡೋ ಪೆಟ್ಟಿಗೆ) ತಂದಿದ್ದರೆ, ಪ್ಲಗ್ ಹಾಕೋ ಮುಂಚೆ ಅದರ ಬೆನ್ನು ನೋಡು. 120 ವೋಲ್ಟ್, 60 ಹರ್ಟ್ಜ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕೋ ಹಾಗಿಲ್ಲ. ಫ್ಯೂಸ್ ಒಂದೇ ಹೋದರೆ ಪುಣ್ಯ, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕಚೇರಿ ಅಲ್ಲಿಗೆ ಮುಗೀತು. 230 ವೋಲ್ಟನ್ನ 120ಕ್ಕೆ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರಿಸು. ಅದು ಹರ್ಟ್ಜ್ ಬದಲಿಸಲ್ಲ, ನಮ್ಮ 50 ಹರ್ಟ್ಜ್‌ಗೆ ಆಂಪ್ ಆಗತ್ತಾ ಅಂತ ಕಲಾವಿದರನ್ನ ಕೇಳಿಕೋ. ಆಂಪ್ ಎಳೆಯೋ ವಾಟ್‌ನ ಒಂದೂವರೆ ಪಟ್ಟಾದರೂ ಟ್ರಾನ್ಸ್‌ಫಾರ್ಮರ್ ತಾಳಬೇಕು. ಎಡವೋದು ಇಲ್ಲೇ: 22 ವಾಟ್ ಆಂಪ್ ಅಂದರೆ ಆ 22 ವಾಟ್ ಸ್ಪೀಕರ್‌ಗೆ ಹೋಗೋದು, ಗೋಡೆಯಿಂದ ಆಂಪ್ ಎಳೆಯೋದು ಅದಕ್ಕಿಂತ ಎಷ್ಟೋ ಜಾಸ್ತಿ. ಪೆಡಲ್‌ಗಳ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸೋ ಪೆಟ್ಟಿಗೆಗಳು) ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದ್ದರೆ ಪಿನ್ ಬದಲಿಸೋ ಕನ್ವರ್ಟರ್ ಸಾಕು.

ಇನ್ನು ಅರ್ತಿಂಗ್. ಇದರಲ್ಲಿ ಉದಾಸೀನ ಬೇಡವೇ ಬೇಡ. ಗಿಟಾರಿನ ತಂತಿಗಳು ಆಂಪ್ ಮೂಲಕ ಅರ್ತ್‌ಗೆ ಸೇರಿರುತ್ತವೆ, ಮೈಕಿನ ಲೋಹದ ಜಾಲರಿ ಮಿಕ್ಸರ್ ಮೂಲಕ. ಎರಡಕ್ಕೂ ಬೇರೆಬೇರೆ ಬೋರ್ಡಿಂದ ಕರೆಂಟ್ ಬಂದು, ಒಂದರ ಅರ್ತ್ ಸರಿ ಇಲ್ಲದಿದ್ದರೆ, ಕೈ ತಂತಿ ಮೇಲಿರುವಾಗ ತುಟಿ ಮೈಕಿಗೆ ತಾಗಿದ ಕ್ಷಣ ಕರೆಂಟು ಮೈಯೊಳಗಿಂದಲೇ ಹರಿಯತ್ತೆ. ವೇದಿಕೆ ಮೇಲೆ ಹೀಗೆ ಜೀವ ಹೋದದ್ದುಂಟು. ಎಲೆಕ್ಟ್ರಿಷಿಯನ್ ಬಂದು ಅರ್ತ್ ನೋಡಿ ಹೇಳಲಿ, ಆಮೇಲೆ ಎರಡಕ್ಕೂ ಒಂದೇ ಬೋರ್ಡಿಂದ ಎಳೆಸು. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಅರ್ತ್ ಪಿನ್ನಿನ ತೂತು ಇದ್ದರೂ ಒಳಗೆ ಸಂಪರ್ಕ ಇರಲ್ಲ, ಅದನ್ನೂ ಪರೀಕ್ಷೆ ಮಾಡಿಸು. ಗುಂಯ್ ಅಂತ ಸದ್ದು ಬಂತು ಅಂತ ಯಾರಾದರೂ ಅರ್ತ್ ಪಿನ್ ಕೀಳೋಕೆ ಹೋದರೆ ಕೈ ಹಿಡಿದು ನಿಲ್ಲಿಸು. ಸಿಂಗಲ್ ಕಾಯಿಲ್ ಪಿಕಪ್ಪಿನ (ತಂತಿಯ ಕಂಪನ ಹಿಡಿಯೋ ಒಂಟಿ ಸುರುಳಿ) ಗಿಟಾರ್ ಸ್ವಲ್ಪ ಗುಂಯ್‌ಗುಡೋದು ಸಹಜ. ಲೈಟಿನ ಡಿಮ್ಮರ್‌ನಿಂದ, ಟ್ರಾನ್ಸ್‌ಫಾರ್ಮರ್‌ನಿಂದ ದೂರ ನಿಂತು ಒಂಚೂರು ತಿರುಗಿದರೆ ಎಷ್ಟೋ ಇಳಿಯತ್ತೆ.

ಬಾಗಿಲ ವಿಷಯದಲ್ಲಿ ನಿನ್ನ ಹಳೇ ಅಭ್ಯಾಸ ಕೈಕೊಡತ್ತೆ, ಗುರುವೇ. ಮೃದಂಗದ ತನಿ ಶುರುವಾದರೆ ನಮ್ಮ ಜನ ಕ್ಯಾಂಟೀನಿಗೆ ಏಳ್ತಾರೆ. ಬ್ಲೂಸ್‌ನಲ್ಲಿ ಜನ ಬಂದಿರೋದೇ ಗಿಟಾರ್ ಸೋಲೋಗೆ. ಸೋಲೋ ಮುಗಿದ ಕೂಡಲೇ ಹಾಡಿನ ಮಧ್ಯದಲ್ಲೇ ಚಪ್ಪಾಳೆ ಬೀಳತ್ತೆ. ಹೊಸಬರು ಹಾಡೇ ಮುಗೀತು ಅಂದುಕೊಂಡು ತಡವಾಗಿ ಬಂದವರನ್ನ ಒಳಗೆ ಬಿಟ್ಟುಬಿಡ್ತಾರೆ. ನಿನಗೆ ಒಂದು ಲೆಕ್ಕ ಕೊಡ್ತೀನಿ. ಸಾಮಾನ್ಯ ಬ್ಲೂಸ್ 12 ಬಾರ್, ಬಾರಿಗೆ 4 ಎಣಿಕೆ. ಒಟ್ಟು 48, ಅಂದರೆ ಎಂಟೆಣಿಕೆಯ ಆದಿತಾಳದ ಆರು ಆವರ್ತ. ಮೊದಲೆರಡು ಆವರ್ತ ಷಡ್ಜ ಆಧಾರ, ಮೂರು ಮಧ್ಯಮ, ನಾಲ್ಕು ಮತ್ತೆ ಷಡ್ಜ. ಐದರ ಮೊದಲರ್ಧ ಪಂಚಮ, ಉಳಿದರ್ಧ ಮಧ್ಯಮ, ಆರರಲ್ಲಿ ಮನೆಗೆ ವಾಪಸ್. ಹೀಗೆ ಸುತ್ತುತ್ತಾ ಇದ್ದರೆ ಹಾಡು ಇನ್ನೂ ಇದೆ ಅಂತ. ತಾಳ ಪೂರ್ತಿ ನಿಂತ ಮೇಲೆ ಬಾಗಿಲು ತೆಗಿ, ಟಾರ್ಚ್ ನೆಲಕ್ಕೇ ಹಿಡಿ.

ಕಿವಿ ಜೋಪಾನ. 85 ಡೆಸಿಬೆಲ್ ಸದ್ದಿಗೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100 ಆದರೆ ಬರೀ 15 ನಿಮಿಷ. ಸ್ಪಂಜಿನ ಇಯರ್‌ಪ್ಲಗ್ ಬತ್ತಿಯ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ತಳ್ಳು. ಅದು ಉಬ್ಬಿ ಕೂರೋವರೆಗೆ ಅರ್ಧ ನಿಮಿಷ ಬೆರಳಿಟ್ಟಿರು. ಅರ್ಧ ಹೊರಗೆ ಕಾಣ್ತಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಈ 12 ಬಾರ್ ಲೆಕ್ಕಕ್ಕೆ ಸಿಗದವರೂ ಇದ್ದರು. ಬ್ಲೂಸ್ ಗಾಯಕ, ಗಿಟಾರ್ ವಾದಕ ಜಾನ್ ಲೀ ಹೂಕರ್ ಹಾಡನ್ನ ತಮಗೆ ತೋಚಿದಲ್ಲಿ ತಿರುಗಿಸೋರು. ಮಿಸಿಸಿಪಿಯಿಂದ ಡೆಟ್ರಾಯಿಟ್‌ಗೆ ಬಂದು, ಕಾರು ಕಾರ್ಖಾನೆಯಲ್ಲಿ ಕಸ ಗುಡಿಸಿ, ರಾತ್ರಿ ಹೇಸ್ಟಿಂಗ್ಸ್ ಬೀದಿಯ ಸುತ್ತಮುತ್ತ ನುಡಿಸಿದವರು. 1948ರಲ್ಲಿ ಅವರಿಗೆ ಹೆಸರು ತಂದ ಹಾಡಿನಲ್ಲೇ ಆ ಬೀದಿ ಬರತ್ತೆ. ಕಪ್ಪು ಜನರ ಅಂಗಡಿ, ಕ್ಲಬ್ಬು ತುಂಬಿದ್ದ ಆ ಬೀದಿಯನ್ನ 1960ರ ಆಸುಪಾಸಿನಲ್ಲಿ ಫ್ರೀವೇಗಾಗಿ ಕೆಡವಿದರು. ಆ ರಸ್ತೆ ಮೇಲೆ ನಾವೆಲ್ಲ ಕಾರು ಓಡಿಸ್ತೀವಿ. ಅಲ್ಲಿಂದ ಸುಮಾರು 70 ಕಿಲೋಮೀಟರ್ ಈಚೆ, ಬೆಚ್ಚಗಿನ ಸಭಾಂಗಣದ ಬಾಗಿಲಲ್ಲಿ ಅದೇ ಸಂಗೀತಕ್ಕೆ ನಾನು ಟಿಕೆಟ್ ನೋಡ್ತೀನಿ. ಒಳಗೆ ಹೋಗೋರಲ್ಲಿ ಕಪ್ಪು ಜನ ಬೆರಳೆಣಿಕೆ. ಇತ್ತೀಚೆಗೆ ಇದು ತಲೆಯಿಂದ ಹೋಗ್ತಾ ಇಲ್ಲ. ಆ ಬೀದಿಯ ಮೊಮ್ಮಕ್ಕಳು ಬಂದರೆ ಅವರಿಗೆ ಇದು ತಮ್ಮ ಜಾಗ ಅನ್ನಿಸತ್ತಾ? ಇಲ್ಲಿ ಯಾರ ಹತ್ತಿರವೂ ಇದನ್ನ ಕೇಳಿಲ್ಲ. ಹೊರಗಿಂದ ಬಂದವನು ನಾನ್ಯಾಕೆ ಎತ್ತಲಿ ಅನ್ನೋ ಅಳುಕು. ನಿನಗೆ ಹೇಳಬಹುದು ಅಂತ ಬರೆದೆ. ನಿಮ್ಮಲ್ಲಾದರೂ ಹಿಂದಿನ ಎರಡು ಸಾಲು ಟಿಕೆಟ್ ಇಲ್ಲದೆ ಬಿಡಿ ಅಂತ ಆಯೋಜಕರನ್ನ ಕೇಳಿ ನೋಡು.

ಪತ್ರ ಎಲ್ಲಿಂದ ಎಲ್ಲಿಗೋ ಹೋಯ್ತು, ಸಾಕು. ಅತ್ತಿಗೆಗೆ ನಮಸ್ಕಾರ ಹೇಳು. ಇಯರ್‌ಪ್ಲಗ್ ಅವರಿಗೂ ಒಂದು ಜೊತೆ ಕೊಡು, ನೀನು ಜೊತೆಗೆ ಹಾಡೋಕೆ ಶುರುಮಾಡಿದರೆ ಬೇಕಾಗತ್ತೆ! ಟ್ರಾನ್ಸ್‌ಫಾರ್ಮರ್ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗತ್ತೆ. ಭಾನುವಾರ ಅಂಗಡಿಗಳು ಹೆಚ್ಚುಕಮ್ಮಿ ಮುಚ್ಚಿರ್ತವೆ, ಶನಿವಾರವೇ ಹೋಗು. ಬಿಲ್ ಇಸ್ಕೋ, ಅರ್ತ್ ಸರಿ ಇಲ್ಲ ಅಂದರೆ ವಾಪಸ್ ಕೊಡಬೇಕಾಗತ್ತೆ.

ನಿನ್ನ ಗೆಳೆಯ