ಮೊದಲ ಪುಟ ಹರಿದು ಹಾಕು

ನವನಗರ, ಬಾಗಲಕೋಟೆ

ಪ್ರೀತಿಯ ತಂಗಿ,

ನಿನ್ನ ಮುಳುಗಡೆ ಕಥೆ ಓದಿದೆ. ‘ಬರೆಯೋದು ಬಿಟ್ಟುಬಿಡಲಾ?’ ಅಂತ ಕೇಳಿದ್ದೀಯ. ಸುಮ್ನೆ ಅಂಥದ್ದೆಲ್ಲ ಕೇಳಬೇಡ. ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅನ್ನೋದನ್ನ ಯಾರಾದರೂ ಹೇಳುತ್ತಾರೆ. ನನ್ನ ತಕರಾರು ಒಂದೇ.

ಮೊದಲ ಪುಟದ ತುಂಬ ‘ಅತ್ಯಂತ ದಾರುಣ’, ‘ತುಂಬಾ ಅನನ್ಯ’, ‘ಬಹಳ ಭೀಕರ’. ನೀನು ಇಂಗ್ಲಿಷ್ ಎಂಎ ಓದುವವಳು. ಗ್ರೇಡಬಲ್ ಅಡ್ಜೆಕ್ಟಿವ್, ಅಂದರೆ ಹೆಚ್ಚು-ಕಡಿಮೆ ಮಾಡಬಹುದಾದ ಗುಣವಾಚಕದ ಪಾಠ ಆಗಿರಬೇಕಲ್ವಾ? ಕೋಲ್ಡ್‌ಗೆ ಏಣಿ ಇದೆ: ಕೋಲ್ಡರ್, ಕೋಲ್ಡೆಸ್ಟ್, ವೆರಿ ಕೋಲ್ಡ್. ಫ್ರೀಜಿಂಗ್ ಆಗಲೇ ಏಣಿಯ ತುದಿಯಲ್ಲಿ ಕೂತಿದೆ. ಅದಕ್ಕೆ ವೆರಿ ಹಚ್ಚಿದರೆ ಇಂಗ್ಲಿಷ್ ಮಾತಾಡುವವರ ಕಿವಿಗೆ ಒಗ್ಗಲ್ಲ, ಅಬ್ಸಲ್ಯೂಟ್ಲಿ ಬೇಕು. ವುಡನ್‌ಗೆ ಏಣಿಯೇ ಇಲ್ಲ. ಒಂದು ಮೇಜು ಇನ್ನೊಂದಕ್ಕಿಂತ ಜಾಸ್ತಿ ಮರದ್ದು ಆಗೋದಿಲ್ಲ. ಯುನೀಕ್‌ಗೆ ವೆರಿ ಹಚ್ಚಬಹುದಾ ಅಂತ ಅವರವರಲ್ಲೇ ಜಗಳ. ಪರೀಕ್ಷೆಗೆ ಇಷ್ಟು ಸಾಕು.

ಕಥೆಗೆ ಸಾಲದು. ‘ದೊಡ್ಡ ಮನೆ’ ಅಂತ ಬರೆದಿದ್ದೀಯ. ಯಾವುದಕ್ಕಿಂತ ದೊಡ್ಡದು? ಹಳೇ ಬಾಗಲಕೋಟೆಯ ದೊಡ್ಡ ಮನೆ ಬೇರೆ, ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಸೈಟಿನಲ್ಲಿ ಎದ್ದ ದೊಡ್ಡ ಮನೆ ಬೇರೆ. ‘ತುಂಬಾ ದೊಡ್ಡ’ ಅಂದರೂ ನನಗೆ ಒಂದು ಕಂಬ ಕಾಣಲಿಲ್ಲ.

ನಮ್ಮ ಭಾಗದಲ್ಲಿ ದುಃಖಕ್ಕೂ ಮೀಟರ್ ಲೆಕ್ಕ ಇದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸೋದು 519.60 ಮೀಟರ್‌ವರೆಗೆ. 2010ರಲ್ಲಿ ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ ಅದನ್ನ 524.256ಕ್ಕೆ ಏರಿಸಲು ಒಪ್ಪಿತು. ಆ ಎರಡು ಅಂಕಿಗಳ ನಡುವೆ ಹೊಲ ಇರುವವನ ಮುಂದೆ ‘ಅತ್ಯಂತ ದಾರುಣ’ ಅಂದು ನೋಡು. ಎಕರೆಗೆ ಎಷ್ಟು ಕೊಡ್ತಾರಂತೆ ಅಂತ ನಿನ್ನನ್ನೇ ಕೇಳುತ್ತಾನೆ.

ಒಬ್ಬ ಸಂಪಾದಕರು ನನ್ನ ಕಥೆಯ ‘ಮುದುಕ ಅತ್ತ’ ಅನ್ನೋದನ್ನ ‘ಬಿಕ್ಕಿ ಬಿಕ್ಕಿ ಅತ್ತ’ ಮಾಡಿ ಅಚ್ಚು ಹಾಕಿದರು. ಆ ಮುದುಕ ನಮ್ಮ ಓಣಿಯವನು, ಬಿಕ್ಕುವ ಪೈಕಿ ಅಲ್ಲ. ಕೇಳಿದರೆ ‘ಓದುಗರಿಗೆ ತಟ್ಟಬೇಕಲ್ಲ’ ಅಂದರು. ತಟ್ಟಿತು ಕೂಡ. ಎಲ್ಲರೂ ಆ ಸಾಲನ್ನೇ ಹೊಗಳಿದರು. ಇವತ್ತಿಗೂ ಅವರು ಎದುರಾದರೆ ನಾನು ಚಹಾ ಮುಟ್ಟದೆ ಎದ್ದು ಬರುತ್ತೇನೆ.

ನಿನ್ನ ಎರಡನೇ ಪುಟದಲ್ಲಿ ಅಜ್ಜಿ ಬಾಗಿಲ ಚೌಕಟ್ಟು ಕೀಳಿಸಿ, ಟ್ರ್ಯಾಕ್ಟರ್‌ಗೆ ಏರಿಸೋ ಮೊದಲು ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾಳೆ. ಅಲ್ಲಿ ನೀನು ಒಂದೂ ‘ತುಂಬಾ’ ಹಾಕಿಲ್ಲ. ನಾನು ಅಲ್ಲೇ ಓದು ನಿಲ್ಲಿಸಿ ಎದ್ದು ಓಡಾಡಿದೆ, ಹುಚ್ಚಿ. ಕಥೆಯನ್ನು ಅಲ್ಲಿಂದ ಶುರು ಮಾಡು. ಮನೆ ಎಷ್ಟು ಮೀಟರ್‌ನಲ್ಲಿತ್ತು, ಹಿನ್ನೀರು ಮೊದಲು ಯಾವ ಗೋಡೆಗೆ ತಾಗಿತು, ಅಜ್ಜಿಯನ್ನೇ ಕೇಳು. ‘ಬಾಳ ನೀರು ಬಂತವಾ’ ಅಂದರೆ ಬಿಡಬೇಡ. ಎಲ್ಲಿ ತನಕ ಅಂತ ಕೇಳು.

ನಿನ್ನ ಅಣ್ಣ